ವಾತರಕ್ತವೂ ರಕ್ತದ ಗತಿಯೂ

ಕೀಲುಗಳು ಬಾತು ಬಹುಕಾಲ ಪೀಡಿಸುವ ವ್ಯಾಧಿಯನ್ನು ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಹಳ್ಳಿಗರು ಇಂದಿಗೂ ‘ವಾತ’ ಎನ್ನುತ್ತಾರೆ. ಶಾಸ್ತ್ರದಿಂದ ಜನರ ಮಾತಿಗೆ ಇಳಿದುಬಂದ ಈ ಶಬ್ದದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ವಾತರಕ್ತ’ಕ್ಕೆ ಪ್ರತ್ಯೇಕ ಅಧ್ಯಾಯವೇ ಉಂಟು. ಕೆರಳಿದ ವಾಯುವಿನ ಮಾರ್ಗವನ್ನು ವೃದ್ಧಿಗೊಂಡ ರಕ್ತವು ತಡೆಯಲು, ಆ ವಾಯುವು ರಕ್ತವನ್ನೆಲ್ಲ ಕೆಡಿಸಿ ಸಂಧಿಗಳಲ್ಲಿ ವೇದನೆಯನ್ನುಂಟುಮಾಡುವುದೆಂದು ಅದರ ಮತ. ಜಿಗಣೆಗಳಿಂದ ರಕ್ತ ತೆಗೆಯುವ ಕ್ರಮವನ್ನು ಸುಶ್ರುತಸಂಹಿತೆಯು ವಿವರಿಸುತ್ತದೆ. ಅಣ್ಣಿಗೇರಿಯನ್ನೊಳಗೊಂಡ ಬೆಳ್ವೊಲನಾಡು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದ 12ನೆಯ ಶತಮಾನದಲ್ಲಿ ವೈದ್ಯಶಾಸ್ತ್ರವು ಕನ್ನಡದಲ್ಲಿ ಗ್ರಂಥರೂಪ ತಾಳಿತು. ಚಾಲುಕ್ಯ ರಾಜಪುತ್ರ ಕೀರ್ತಿವರ್ಮನ ‘ಗೋವೈದ್ಯ’, ಪೂಜ್ಯಪಾದರ ಸಂಸ್ಕೃತ ಕೃತಿಯನ್ನು ಅನುಸರಿಸಿದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಇವು ಆ ಕಾಲದವು.

ಆಧುನಿಕ ವಿಜ್ಞಾನವು ಬೇರೆ ದಾರಿಯಿಂದ ಬಂದಿತು. ರಕ್ತಪರಿಚಲನೆಯನ್ನು ಹಾರ್ವೆಯು 1628ರಲ್ಲಿ ಪ್ರತಿಪಾದಿಸಿದನು. ಹರಿವು ಮಂದವಾಗುವುದು, ನಾಳದ ಒಳಪದರ ಕೆಡುವುದು, ರಕ್ತದ ಗುಣವೇ ಬದಲಾಗುವುದು ಎಂಬ ಹೆಪ್ಪುಗಟ್ಟುವಿಕೆಯ ಮೂರು ಕಾರಣಗಳು, 1856ರಲ್ಲಿ ಪ್ರಕಟವಾದ ತನ್ನ ಸಂಶೋಧನೆಗಳಿಂದಾಗಿ ವಿರ್ಶೋನ ಹೆಸರಿನಲ್ಲಿ ಪ್ರಸಿದ್ಧವಾಗಿವೆ. ಜಿಗಣೆಯಲ್ಲಿ ಹೆಪ್ಪನ್ನು ತಡೆಯುವ ವಸ್ತುವುಂಟೆಂದು ಹೇಕ್ರಾಫ್ಟನು ತೋರಿಸಿದ್ದು 1884ರಲ್ಲಿ. ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿ ಬೇಗನೆ ತಳಕ್ಕಿಳಿಯುವುದನ್ನು ಸ್ವೀಡನ್ನಿನ ಫೊರೇಯಸನು 1921ರಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಉರಿಯೂತ ಇರುವಾಗ ಯಕೃತ್ತು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಉತ್ಪಾದಿಸುತ್ತದೆ, ಕಣಗಳು ನಾಣ್ಯಗಳಂತೆ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ, ರಕ್ತವು ಮಂದವಾಗುತ್ತದೆ. ರುಮಟಾಯ್ಡ್ ಸಂಧಿವಾತದ ರೋಗಿಗಳಲ್ಲಿ ಅಭಿಧಮನಿಯೊಳಗೆ ಹೆಪ್ಪುಗಟ್ಟುವ ಅಪಾಯವು ಇತರರಿಗಿಂತ ಸುಮಾರು ಇಮ್ಮಡಿಯೆಂದು ಈಗ ತಿಳಿದಿದೆ.

ಹಾಗಾದರೆ ಪ್ರಾಚೀನರು ಇದನ್ನೆಲ್ಲ ಬಲ್ಲರೆನ್ನಬಹುದೆ? ನಮ್ಮ ಅಭಿಪ್ರಾಯದಲ್ಲಿ ಅದು ಸಲ್ಲದು. ಚರಕನು ಹೇಳಿದ್ದು ವಾಯುವಿನ ಮಾರ್ಗಕ್ಕೆ ಬಂದ ತಡೆಯನ್ನೇ ಹೊರತು ನಾಳದೊಳಗಿನ ಹೆಪ್ಪನ್ನಲ್ಲ. ಸಂಧಿಯ ವ್ಯಾಧಿಯನ್ನು ರಕ್ತದೊಡನೆ ಕೂಡಿಸಿ ಚಿಂತಿಸಿದ್ದೇ ಆ ಪರಂಪರೆಯ ಹಿರಿಮೆ. ಅದಕ್ಕಿಂತ ಹೆಚ್ಚಿನದನ್ನು ಗ್ರಂಥಕ್ಕೆ ಆರೋಪಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಈ ವಿವೇಕವು ಕೇವಲ ವಿದ್ವಾಂಸರಿಗೆ ಸಂಬಂಧಿಸಿದ್ದಲ್ಲ. ವಾತರೋಗಿಯ ಒಂದೇ ಕಾಲು ಹಠಾತ್ತಾಗಿ ಬಾತು ನೊಂದರೆ, ಅದನ್ನೂ ‘ವಾತ’ವೆಂದು ಬಗೆದು ಎಣ್ಣೆ ತಿಕ್ಕುತ್ತ ಕೂಡುವುದುಂಟು. ಅದು ಹೆಪ್ಪಾಗಿದ್ದರೆ ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣವನ್ನೇ ತೆಗೆಯಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯುವುದೇ ಯುಕ್ತ. ಒಂದೇ ಹೆಸರಿನಲ್ಲಿ ಹಲವು ವ್ಯಾಧಿಗಳು ಅಡಗಿರಬಲ್ಲವೆಂಬುದನ್ನು ಈ ಶಬ್ದದ ಚರಿತ್ರೆಯು ನಮಗೆ ತಿಳಿಸಿಕೊಡುತ್ತದೆ.