ಹಾಡುವ ತಟ್ಟೆಗೆ ಬಿದ್ದ ಗೀರು

ನಮ್ಮ ಮನೆಯ ಬೀರುವಿನಲ್ಲಿ ಒಂದು ಸಿ.ಡಿ. ಇದೆ. ನಮ್ಮ ತಾಯಿ ಹಾಡಿದ ಒಂದು ಗಂಟೆಯಷ್ಟು ಗೌರಿ ಹಾಡುಗಳು ಅದರಲ್ಲಿವೆ. ಹಳೆಯ ಕ್ಯಾಸೆಟ್ಟಿನ ಟೇಪು ನುಲಿದು ಹಾಳಾಗುವ ಮುಂಚೆ, 2004ರಲ್ಲಿ, ಒಂದು ಅಂಗಡಿಗೆ ಕೊಟ್ಟು ಅದನ್ನು ತಟ್ಟೆಗೆ ಇಳಿಸಿಕೊಂಡು ಬಂದಿದ್ದೆ. ಕ್ಯಾಸೆಟ್ಟು ಆಮೇಲೆ ಎಲ್ಲಿ ಹೋಯಿತೋ ದೇವರೇ ಬಲ್ಲ. ಕಳೆದ ಗೌರಿ ಹಬ್ಬದ ದಿನ ತಟ್ಟೆಯನ್ನು ಹಾಕಿದರೆ, ಎರಡನೆಯ ಹಾಡಿನ ನಡುವೆ ತಾಯಿಯ ಧ್ವನಿ ಒಂದೇ ಮಾತಿಗೆ ಸಿಕ್ಕಿಕೊಂಡು ತೊದಲತೊಡಗಿತು. "ಮಾವ, ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ನೋಡಿ" ಎಂದ ತಂಗಿಯ ಮಗ. ನನಗೆ ನಗು ಬಂತು. ಹಲ್ಲುಜ್ಜುವ ಪದಾರ್ಥಕ್ಕೂ ತಾಯಿಯ ಹಾಡಿಗೂ ಎಲ್ಲಿಯ ನಂಟು? ಆದರೆ ವಿಚಾರಿಸುತ್ತ ಹೋದಂತೆ ಆ ನಂಟಿನ ಹಿಂದೆ ಒಂದು ಸೊಗಸಾದ ಇತಿಹಾಸವೇ ಇದೆಯೆಂದು ತಿಳಿಯಿತು.

ಗ್ರಾಮಫೋನಿನ ಕಾಲವನ್ನು ಹಿರಿಯರು ಮರೆತಿರಲಾರರು. 1908ರಷ್ಟು ಹಿಂದೆಯೇ ಕಲ್ಕತ್ತೆಯ ಕಾರ್ಖಾನೆಯಲ್ಲಿ ಅಚ್ಚಾಗತೊಡಗಿದ ಆ ಕರಿಯ ಪ್ಲೇಟುಗಳಿಗೆ ಅರಗೇ ಜೀವಾಳ. ಸೂಜಿ ಕೊರಕಲಿನಲ್ಲಿ ಉಜ್ಜಿಕೊಂಡು ಓಡುತ್ತಿತ್ತು. ಪ್ರತಿಸಲ ಹಾಡಿದಾಗಲೂ ಹಾಡು ಅಷ್ಟಷ್ಟು ಸವೆಯುತ್ತಿತ್ತು. ಪ್ಲೇಟಿಗೆ ಗೀರು ಬಿತ್ತೆಂದರೆ ಹಾಡಿಗೇ ಗಾಯವಾಯಿತೆಂದು ಅರ್ಥ. ಸೂಜಿ ಹಾರತೊಡಗಿದರೆ ಅದರ ತಲೆಯ ಮೇಲೆ ಒಂದು ಬಿಲ್ಲೆ ಕಾಸು ಇಡುವುದೇ ಮನೆಮದ್ದು.

ಈ ಸವೆತವನ್ನು ತಪ್ಪಿಸಿದ್ದು ಬೆಳಕು. 1979ರ ಮಾರ್ಚಿಯಲ್ಲಿ ಹಾಲೆಂಡಿನ ಐಂಡ್‌ಹೋವನ್ ಪಟ್ಟಣದಲ್ಲಿ ಫಿಲಿಪ್ಸ್ ಕಂಪನಿ ಹೊಸ ತಟ್ಟೆಯನ್ನು ಪತ್ರಕರ್ತರಿಗೆ ತೋರಿಸಿತು. ಜಪಾನಿನ ಸೋನಿಯೊಡನೆ ಕೂಡಿ ಅದನ್ನು ತಿದ್ದಿ ತೀಡಿದ ಮೇಲೆ, 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಅದು ಮಾರಾಟಕ್ಕೆ ಬಂತು. ಅಡ್ಡಗಲ 120 ಮಿಲಿಮೀಟರು, ದಪ್ಪ 1.2 ಮಿಲಿಮೀಟರು. ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ಒಂದೇ ಗೆರೆಯನ್ನು ಬಿಚ್ಚಿದರೆ 5 ಕಿಲೋಮೀಟರನ್ನೂ ಮೀರುತ್ತದೆ. ಅಲ್ಲಿರುವ ಸೂಕ್ಷ್ಮ ಗುಳಿಗಳನ್ನು ಲೇಸರ್ ಕಿರಣ ಮುಟ್ಟದೆಯೇ ಓದುತ್ತದೆ. ಅಂಗಡಿಯಲ್ಲಿ ಬರೆಸಿದ ತಟ್ಟೆಯಲ್ಲಿ ಗುಳಿಗಳಿಗೆ ಬದಲು ಬಣ್ಣದ ಪದರವೊಂದು ಇರುತ್ತದೆ, ಅಷ್ಟೇ. ತಯಾರಕರು ಈ ಧ್ವನಿ ಎಂದೆಂದಿಗೂ ಕೆಡದೆಂದು ಸಾರಿದರು. ಜನ ನಂಬಿ, ತಟ್ಟೆಗಳನ್ನು ಪೆಟ್ಟಿಗೆಯಿಲ್ಲದೆ ಮೇಜಿನ ಮೇಲೆ ಎಸೆದರು.

ತಟ್ಟೆಯ ಕಟ್ಟೋಣ ಹೀಗಿದೆ. ಹೊಳೆಯುವ ಕೆಳಮೈಯಲ್ಲಿ ಬರವಣಿಗೆಯೇ ಇಲ್ಲ. ಅದು ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು. ಒಂದು ಕಿಟಕಿಯ ಗಾಜೆಂದು ತಿಳಿಯಿರಿ. ಬರವಣಿಗೆ ಇರುವುದು ಆ ಗಾಜಿನ ಆಚೆ, ಹೆಸರು ಅಚ್ಚು ಮಾಡಿದ ಮೇಲ್ಮೈಗೆ ಅಂಟಿಕೊಂಡಂತೆ. ಕಿರಣ ಗಾಜನ್ನು ಹೊಗುವಾಗ ಮುಕ್ಕಾಲು ಮಿಲಿಮೀಟರಿನಷ್ಟು ಅಗಲವಾಗಿದ್ದು, ಬರವಣಿಗೆ ಮುಟ್ಟುವ ಹೊತ್ತಿಗೆ ಮೊನೆಯಷ್ಟಾಗುತ್ತದೆ. ಆದ್ದರಿಂದಲೇ ಸಣ್ಣ ಧೂಳು, ಸಣ್ಣ ಗೀರು ಅದಕ್ಕೆ ಲೆಕ್ಕಕ್ಕಿಲ್ಲ.

ಇದಕ್ಕೆ ಗಣಿತದ ಕಾವಲೂ ಉಂಟು. 1960ರಲ್ಲಿ ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬಿಬ್ಬರು ಐದೇ ಪುಟಗಳ ಒಂದು ಲೇಖನ ಬರೆದರು. ಸಂದೇಶದ ಜೊತೆಗೆ ಕೆಲವು ಹೆಚ್ಚಿನ ಅಂಕಿಗಳನ್ನು ಸೇರಿಸಿದರೆ, ಅಳಿಸಿಹೋದುದನ್ನು ಉಳಿದುದರಿಂದ ಲೆಕ್ಕ ಹಾಕಿ ಮರಳಿ ಪಡೆಯಬಹುದೆಂಬುದು ಅದರ ಸಾರ. ಸಿ.ಡಿ.ಯಲ್ಲಿ ಈ ಅಂಕಿಗಳನ್ನು ಒಂದೆಡೆ ಗುಂಪುಗೂಡಿಸದೆ ದೂರದೂರ ಹರಡಿರುತ್ತಾರೆ. ಗೆರೆಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರು ಅಳಿದರೂ ಕಿವಿಗೆ ಗೊತ್ತಾಗದಂತೆ ತುಂಬಿಕೊಳ್ಳುತ್ತದೆ. ಆದಕಾರಣ ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರು ಸುತ್ತುಸುತ್ತಿಗೆ ಚೂರೇ ಚೂರನ್ನು ಕೆಡಿಸುತ್ತದೆ. ಗೆರೆಯೊಡನೆ ದುಂಡಗೆ ಸಾಗುವ ಗೀರು ಸಾಲುಸಾಲನ್ನೇ ನುಂಗುತ್ತದೆ. ಊಟದ ತಟ್ಟೆಯಂತೆ ದುಂಡಗೆ ಒರೆಸುವ ನಮ್ಮ ಕೈಯೇ ಇದಕ್ಕೆ ಶತ್ರು.

ಇನ್ನು ಮನೆಮದ್ದು. ಅದರಲ್ಲಿ ಎರಡು ಬಗೆ. ವ್ಯಾಸಲೀನ್ ಅಥವಾ ಮೇಣ ಸವರಿದರೆ ಗೀರು ತುಂಬಿ, ಬೆಳಕು ಅಡ್ಡಾದಿಡ್ಡಿ ಚೆದರುವುದು ತಾತ್ಕಾಲಿಕವಾಗಿ ತಗ್ಗುತ್ತದೆ. ಟೂತ್‌ಪೇಸ್ಟಿನದು ಬೇರೆ ದಾರಿ. ಅದರಲ್ಲಿರುವ ನುಣುಪು ಪುಡಿ ಗೀರಿನ ಚೂಪಾದ ಅಂಚುಗಳನ್ನು ತೇಯುತ್ತದೆ. ನಮ್ಮ ಅಜ್ಜಿಯರು ಬೂದಿ ಹಾಕಿ ಹಿತ್ತಾಳೆ ಬೆಳಗುತ್ತಿರಲಿಲ್ಲವೆ? ಇದೂ ಅದೇ ವಿದ್ಯೆ. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಮಾತ್ರ ಹಚ್ಚಬಾರದು, ಪ್ಲಾಸ್ಟಿಕ್ಕು ಮಬ್ಬಾಗುತ್ತದೆ. 2006ರಲ್ಲಿ ಬಂದ ಬ್ಲೂ-ರೇ ತಟ್ಟೆಗೆ ಈ ತೇಯುವಿಕೆ ಸಲ್ಲದು. ಅದರ ಗಾಜಿನ ಪದರ 0.1 ಮಿಲಿಮೀಟರು ಮಾತ್ರ.

ನಗುವುದನ್ನು ಬಿಟ್ಟು ಕೆಲಸಕ್ಕೆ ಕುಳಿತೆ. ಹಳೆಯ ಪಂಚೆಯ ಮೆತ್ತನೆಯ ತುಂಡು, ಒಂದು ಚೂರು ಬಿಳಿಯ ಪೇಸ್ಟು. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಹತ್ತು ನಿಮಿಷ ಉಜ್ಜಿ, ನೀರಿನಲ್ಲಿ ತೊಳೆದು ಒರೆಸಿದೆ. ತಾಯಿ ತೊದಲದೆ ಎರಡನೆಯ ಹಾಡನ್ನು ಮುಗಿಸಿದರು. ಆದರೆ ಕೊನೆಯ ಆರತಿ ಹಾಡು ಬರಲೇ ಇಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ: ಅಂಚಿನ ಹತ್ತಿರ ಸೂಜಿಮೊನೆಯಂಥ ತೂತುಗಳಿಂದ ಬೆಳಕು ಇಣುಕುತ್ತಿತ್ತು. "ಅಮ್ಮನ ಹಾಡು" ಎಂದು ಮೇಲ್ಮೈಯ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ಬರೆದವನು ನಾನೇ. ಕಿಟಕಿಗೆ ಬಿದ್ದ ಗೀರಿಗೆ ಮದ್ದುಂಟು. ಬರವಣಿಗೆಯನ್ನೇ ಕಿತ್ತ ಮೇಲೆ ಮದ್ದಿಲ್ಲ. ನನ್ನ ಜೋಪಾನವೇ ಹಾಡನ್ನು ಕಳೆದಿತ್ತು.

ಉಳಿದ ಹಾಡುಗಳನ್ನು ಅಂದೇ ರಾತ್ರಿ ಕಂಪ್ಯೂಟರಿಗೆ ಇಳಿಸಿ, ಇನ್ನೆರಡು ಕಡೆ ಪ್ರತಿ ಮಾಡಿಟ್ಟೆ. ಉಜ್ಜಿದ ತಟ್ಟೆ ಒಮ್ಮೆ ಹಾಡಿತೆಂದು ನಂಬಿ ಕೂರಬಾರದು. ಆರತಿ ಹಾಡು ತಂಗಿಗೆ ಬಾಯಿಪಾಠವಿತ್ತು. ತಾಯಿಯ ಪಕ್ಕದಲ್ಲಿ ಕೂತು ಕಲಿತದ್ದು. ಮಾರನೆಯ ದಿನ ಅವಳಿಂದ ಹಾಡಿಸಿ ಕೊನೆಯಲ್ಲಿ ಸೇರಿಸಿದ್ದೇನೆ.