ಹೊಸಪೇಟೆ ನಗರ: ಜನಸಂಖ್ಯೆ ಮತ್ತು ಆಡಳಿತಾತ್ಮಕ ಸ್ಥಾನಮಾನ

ಹೊಸಪೇಟೆಯು ಕಲಬುರಗಿ ಕಂದಾಯ ವಿಭಾಗಕ್ಕೆ ಸೇರಿದ ವಿಜಯನಗರ ಜಿಲ್ಲೆಯ ಕೇಂದ್ರಸ್ಥಾನವಾಗಿದೆ. ವಿವಿಧ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ನಗರದ ಜನಸಂಖ್ಯೆ ಹಾಗೂ ಆಡಳಿತ ವ್ಯವಸ್ಥೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜಿಲ್ಲೆಯ ರಚನೆ

ಮದ್ರಾಸ್ ರಾಜ್ಯದಲ್ಲಿದ್ದ ಹೊಸಪೇಟೆ ತಾಲ್ಲೂಕು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು. 2021ರ ಫೆಬ್ರವರಿ 8ರ ಅಧಿಸೂಚನೆಯ ಮೂಲಕ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ, ರಾಜ್ಯದ 31ನೇ ಜಿಲ್ಲೆಯಾಗಿ ವಿಜಯನಗರವನ್ನು ರಚಿಸಲಾಯಿತು. ಅದೇ ವರ್ಷದ ಅಕ್ಟೋಬರ್ 2ರಂದು ಜಿಲ್ಲೆಯು ಉದ್ಘಾಟನೆಗೊಂಡಿತು. ಇದರ ವ್ಯಾಪ್ತಿಯಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಆರು ತಾಲ್ಲೂಕುಗಳಿವೆ.

ಜನಸಂಖ್ಯೆ

2011ರ ಜನಗಣತಿಯಂತೆ ಹೊಸಪೇಟೆ ನಗರದ ಜನಸಂಖ್ಯೆ 2,06,167. ಆ ಜನಗಣತಿಯ ಅಂಕಿಅಂಶಗಳನ್ನು ಬಳಸುವಾಗ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಅದರ ಸಂಪುಟಗಳಲ್ಲಿ ವಿಜಯನಗರ ಜಿಲ್ಲೆ ಇರುವುದಿಲ್ಲ. ಹೊಸಪೇಟೆಯು ಬಳ್ಳಾರಿ ಜಿಲ್ಲೆಯಡಿ ದಾಖಲಾಗಿದೆ.
2. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ, 2011ರಲ್ಲಿ ಅದರ ಎಣಿಕೆ ಆ ಜಿಲ್ಲೆಯಡಿ ನಡೆದಿದೆ.
3. ಕಂಪ್ಲಿಯು ಆಗ ಹೊಸಪೇಟೆ ತಾಲ್ಲೂಕಿನಲ್ಲಿತ್ತು. ಈಗ ಅದು ಪ್ರತ್ಯೇಕ ತಾಲ್ಲೂಕಾಗಿದ್ದು, ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿದೆ. ಕಂಪ್ಲಿ ತಾಲ್ಲೂಕಿನ ನಿವಾಸಿಗಳಿಗೆ ಜಿಲ್ಲಾ ಕಚೇರಿಗಳು ಬಳ್ಳಾರಿಯಲ್ಲಿವೆ.

ನಗರಾಡಳಿತದ ಸ್ಥಾನಮಾನ

ಜಿಲ್ಲೆಯ ರಚನೆಯು ಕರ್ನಾಟಕ ಭೂಕಂದಾಯ ಅಧಿನಿಯಮ, 1964ಕ್ಕೆ ಸಂಬಂಧಿಸಿದ್ದು. ನಗರಸಭೆಯು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ಕ್ಕೆ ಒಳಪಟ್ಟಿರುತ್ತದೆ. ಆದ್ದರಿಂದ ಜಿಲ್ಲಾ ಕೇಂದ್ರವಾದ ಮಾತ್ರಕ್ಕೆ ನಗರಸಭೆಯು ಮಹಾನಗರ ಪಾಲಿಕೆಯಾಗುವುದಿಲ್ಲ. ಪಾಲಿಕೆಯ ರಚನೆಗೆ ಕನಿಷ್ಠ 3 ಲಕ್ಷ ಜನಸಂಖ್ಯೆ ಪ್ರಮುಖ ಮಾನದಂಡವಾಗಿದೆ. 2021ರಲ್ಲಿ ಜಿಲ್ಲೆ ಬದಲಾದಾಗ ಹೊಸಪೇಟೆಯ ನಗರಾಡಳಿತವು ನಗರಸಭೆಯಾಗಿಯೇ ಮುಂದುವರಿಯಿತು.

ಅರ್ಜಿ ಸಲ್ಲಿಸಬೇಕಾದ ಕಚೇರಿಗಳು

• ನಗರ ವ್ಯಾಪ್ತಿಯ ಆಸ್ತಿ ತೆರಿಗೆ, ಖಾತಾ, ಉದ್ಯಮ ಪರವಾನಗಿ: ನಗರಸಭೆ.
• ಜಾತಿ ಮತ್ತು ಆದಾಯ ಪ್ರಮಾಣ ಪತ್ರ: ನಾಡಕಚೇರಿ.
• ಸಂವಿಧಾನದ 371(ಜೆ) ವಿಧಿಯಡಿ ಅರ್ಹತಾ ಪ್ರಮಾಣ ಪತ್ರ: ಸಂಬಂಧಿಸಿದ ಉಪವಿಭಾಗದ ಸಹಾಯಕ ಆಯುಕ್ತರು. ಜಿಲ್ಲಾ ವಿಭಜನೆಯ ನಂತರವೂ ವಿಜಯನಗರ ಜಿಲ್ಲೆಗೆ ಈ ಸೌಲಭ್ಯ ಅನ್ವಯಿಸುತ್ತದೆ.
• ಜನನ, ಮರಣ ನೋಂದಣಿ: ವಾಸಸ್ಥಳ ಯಾವುದೇ ಇರಲಿ, ಜನನ ಅಥವಾ ಮರಣ ಸಂಭವಿಸಿದ ಸ್ಥಳದ ನೋಂದಣಾಧಿಕಾರಿಗಳು.

ಹಳೆಯ ದಾಖಲೆಗಳ ಕುರಿತು

2021ಕ್ಕಿಂತ ಮೊದಲು ಪಡೆದ ದಾಖಲೆಗಳಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದಿರುವುದು ಆ ಕಾಲಕ್ಕೆ ಸರಿಯಾದ ನಮೂದೇ ಆಗಿರುತ್ತದೆ. ಅದನ್ನು ತಪ್ಪೆಂದು ಭಾವಿಸಬೇಕಾಗಿಲ್ಲ. ಹರಪನಹಳ್ಳಿಯ ಒಂದೇ ಕುಟುಂಬದ ದಾಖಲೆಗಳಲ್ಲಿ ಬಳ್ಳಾರಿ, ದಾವಣಗೆರೆ, ವಿಜಯನಗರ ಎಂಬ ಮೂರು ಹೆಸರುಗಳೂ ಕಂಡುಬರಬಹುದು. ಅದೇ ರೀತಿ 2014ರ ನವೆಂಬರ್ 1ರಂದು ನಗರದ ಇಂಗ್ಲಿಷ್ ಹೆಸರು ‘ಹಾಸ್ಪೆಟ್’ ಎಂಬುದರಿಂದ ‘ಹೊಸಪೇಟೆ’ ಎಂದು ಬದಲಾಗಿದ್ದು, ಎರಡೂ ಒಂದೇ ಊರನ್ನು ಸೂಚಿಸುತ್ತವೆ.

ಹೊಸ ಅರ್ಜಿಯಲ್ಲಿ ವಾಸಸ್ಥಳದ ಈಗಿನ ತಾಲ್ಲೂಕು ಮತ್ತು ಜಿಲ್ಲೆಯನ್ನೇ ನಮೂದಿಸುವುದು. ಲಗತ್ತಿಸುವ ಹಳೆಯ ದಾಖಲೆಯಲ್ಲಿ ಬೇರೆ ಜಿಲ್ಲೆಯ ಹೆಸರಿದ್ದಲ್ಲಿ, ಜಿಲ್ಲಾ ಪುನರ್ವಿಂಗಡಣೆಯ ಕಾರಣವನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ತಿಳಿಸುವುದು ಸೂಕ್ತ.