ತಗಡಿನ ಮೇಲಿನ ದಾನಶಾಸನ

ಮುಂಬೈಯಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮಂಥವರಿಗೆ ಒಂದು ಚಟ ಇರುತ್ತೆ. ಸಿಗ್ನಲ್‌ನಲ್ಲಿ ಮುಂದೆ ನಿಂತ ಗಾಡಿಯ ನಂಬರು ‘ಕೆಎ’ ಅಂತ ಶುರುವಾದರೆ ಸಾಕು, 19 ಅಂದ್ರೆ ಮಂಗಳೂರು, 20 ಅಂದ್ರೆ ಉಡುಪಿ ಅಂತ ಲೆಕ್ಕ ಹಾಕಿ ಒಳಗೆ ಯಾರಿದ್ದಾರೋ ಎಂದು ಇಣುಕುವುದು! ನಮ್ಮಲ್ಲಿ ಆ ತಗಡು ಹೇಳುವುದು ಅಷ್ಟೇ. ಸರ್ಕಾರ ಹೇಳಿದ್ದನ್ನು ಬಿಟ್ಟು ಬೇರೇನೂ ಅದರ ಮೇಲೆ ಬರೆಸುವಂತಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅದೇ ತಗಡು ಚಂದಾ ಎತ್ತುವ ಡಬ್ಬಿಯೂ ಹೌದು. ಇದರ ಇತಿಹಾಸ ಕೆದಕುತ್ತಾ ಹೋದಂತೆ ನನಗೆ ಕುತೂಹಲ ಹೆಚ್ಚಾಯಿತು.

1970ರಲ್ಲಿ ಕ್ಯಾಲಿಫೋರ್ನಿಯಾ ಒಂದು ಉಪಾಯ ಮಾಡಿತು. ಆಗ ಅಲ್ಲಿ ರೊನಾಲ್ಡ್ ರೇಗನ್ ಗವರ್ನರ್. ಗಾಡಿಗೆ ತನ್ನ ಹೆಸರೋ, ಅಡ್ಡಹೆಸರೋ, ಇಷ್ಟದ ಪದವೋ ಬೇಕೆನ್ನುವವರು ಹೆಚ್ಚಿನ ದುಡ್ಡು ಕೊಡಲಿ, ಆ ದುಡ್ಡು ಪರಿಸರ ರಕ್ಷಣೆಗೆ ಹೋಗಲಿ ಅಂತ. ಮನುಷ್ಯನ ಶೋಕಿಗೆ ತೆರಿಗೆ ಹಾಕಿ ಕಾಡು, ಕಡಲನ್ನು ಕಾಯುವ ಲೆಕ್ಕಾಚಾರ. ಆದರೆ ಹಿಂದಿನ ಗಾಡಿಯವರಿಗೆ ಕಾಣುತ್ತಿದ್ದುದು ಶೋಕಿ ಮಾತ್ರ, ದಾನ ಕಾಣುತ್ತಿರಲಿಲ್ಲ.

ದಾನವೇ ಕಾಣುವಂತೆ ಮಾಡಿದ್ದರ ಹಿಂದೆ ಒಂದು ದುಃಖದ ಕಥೆಯಿದೆ. 1986ರ ಜನವರಿ 28ರಂದು ಫ್ಲೋರಿಡಾದಿಂದ ಹಾರಿದ ಚಾಲೆಂಜರ್ ಗಗನನೌಕೆ 73 ಸೆಕೆಂಡಿನಲ್ಲಿ ಆಕಾಶದಲ್ಲೇ ಛಿದ್ರವಾಯಿತು. ಏಳು ಜನ ಸತ್ತರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಟೀಚರ್ ಒಬ್ಬರು. ಮೇಷ್ಟ್ರು ಬಾಹ್ಯಾಕಾಶಕ್ಕೆ ಹೋಗ್ತಾರೆ ಅಂತ ಎಷ್ಟೋ ಶಾಲೆಗಳ ಮಕ್ಕಳು ಟೀವಿ ಮುಂದೆ ಕೂತಿದ್ದರಂತೆ. ಮುಂದಿನ ವರ್ಷವೇ, 1987ರಲ್ಲಿ, ಫ್ಲೋರಿಡಾ ಚಾಲೆಂಜರ್ ಚಿತ್ರವಿರುವ ನಂಬರ್ ಪ್ಲೇಟ್ ಮಾರಾಟಕ್ಕೆ ತಂದಿತು. ಗಾಡಿ ತೆರಿಗೆಯ ಜೊತೆಗೆ ಇಂತಿಷ್ಟು ಹೆಚ್ಚು ಕೊಟ್ಟರೆ ಆ ಹಣ ಗಗನಯಾತ್ರಿಗಳ ಸ್ಮಾರಕಕ್ಕೆ.

ಮುಖ್ಯವಾಗಿ ಈ ಪ್ಲೇಟಿನ ಹಣದಿಂದಲೇ ಕೆನಡಿ ಬಾಹ್ಯಾಕಾಶ ಕೇಂದ್ರದ ಬಳಿ ‘ಸ್ಪೇಸ್ ಮಿರರ್’ ಎಂಬ ಸ್ಮಾರಕ ಎದ್ದು ನಿಂತು, 1991ರಲ್ಲಿ ಉದ್ಘಾಟನೆಯಾಯಿತು. ಹೊಳೆಯುವ ದೊಡ್ಡ ಕಪ್ಪು ಗ್ರಾನೈಟ್ ಗೋಡೆ. ಹೆಸರುಗಳನ್ನು ಕಲ್ಲಿನ ಆರಪಾರ ಕೊರೆದಿದ್ದಾರೆ. ಇಡೀ ಗೋಡೆ ಸೂರ್ಯನ ಕಡೆಗೆ ತಿರುಗುತ್ತಾ, ಹಿಂದಿನ ಕನ್ನಡಿಗಳಿಂದ ಬೆಳಕು ಹಾದು, ಹೆಸರುಗಳು ಆಕಾಶದಲ್ಲಿ ಬರೆದಂತೆ ಕಾಣಬೇಕೆಂಬುದು ಯೋಜನೆ. ಆದರೆ 1997ರಲ್ಲಿ ತಿರುಗುವ ಯಂತ್ರ ಕೆಟ್ಟಿತು. ರಿಪೇರಿ ಬಲು ದುಬಾರಿ ಅಂತ ಅದನ್ನು ಹಾಗೇ ಬಿಟ್ಟು ವಿದ್ಯುತ್ ದೀಪ ಹಾಕಿದರು. ಕಟ್ಟಲು ಸಿಗುವ ಉತ್ಸಾಹ ಕಾಪಾಡಲು ಸಿಗುವುದಿಲ್ಲ. ಇದು ನಮ್ಮೂರ ದೇವಸ್ಥಾನದ ಕಥೆಯೂ ಹೌದು ಬಿಡಿ.

2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯೂ ಮುರಿದು ಬಿತ್ತು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರ ಹೆಸರು ಆ ಕಲ್ಲು ಸೇರಿತು. ಪ್ಲೇಟಿನ ಮೇಲೂ ಚಾಲೆಂಜರ್ ಜೊತೆ ಕೊಲಂಬಿಯಾ ಬಂತು. ಮನೆ ಬಿಟ್ಟು ದೂರ ಹೋದ ನಮ್ಮ ಕಡೆಯ ಹುಡುಗಿಯೊಬ್ಬಳ ಸ್ಮಾರಕಕ್ಕೆ ಯಾರೋ ಗುರುತು ಪರಿಚಯವಿಲ್ಲದವರ ಕಾರಿನ ತಗಡು ದುಡ್ಡು ಕೊಟ್ಟಿದೆ. ಇದನ್ನು ಓದಿದಾಗ ಮನಸ್ಸು ಒಂದು ಕ್ಷಣ ಭಾರವಾಯಿತು.

ಆಮೇಲೆ ಬಂದದ್ದು ದೊಡ್ಡ ಸಾಲು. ಫ್ಲೋರಿಡಾದಲ್ಲೇ ಕಡಲಹಸು ಮ್ಯಾನಟಿಗೆ ಒಂದು, ಪ್ಯಾಂಥರ್‌ಗೆ ಒಂದು. ಕ್ಯಾಲಿಫೋರ್ನಿಯಾದಲ್ಲಿ 1997ರಲ್ಲಿ ತಿಮಿಂಗಿಲದ ಬಾಲದ ಚಿತ್ರ, ಅದರ ಹಣ ಕಡಲ ತೀರದ ಕೆಲಸಗಳಿಗೆ. ಎಲ್ಲರಿಗೂ ಒಂದೊಂದು ಪ್ಲೇಟ್ ಬೇಕಾಗಿ ಸಂಖ್ಯೆ ನೂರು ದಾಟಿದ ಮೇಲೆ ಫ್ಲೋರಿಡಾ 2020ರಲ್ಲಿ 150ರ ಮಿತಿ ಹಾಕಿತು.

ಜಗಳವೂ ಬಂತು. ಗರ್ಭಪಾತ ವಿರೋಧಿಗಳ ‘ಚೂಸ್ ಲೈಫ್’ ಪ್ಲೇಟನ್ನು 1998ರಲ್ಲಿ ಫ್ಲೋರಿಡಾ ಗವರ್ನರ್ ತಡೆದರು, ಮರುವರ್ಷ ಬಂದ ಹೊಸ ಗವರ್ನರ್ ಜೆಬ್ ಬುಷ್ ಸಹಿ ಹಾಕಿದರು. ಟೆಕ್ಸಾಸ್‌ನಲ್ಲಿ, ಗುಲಾಮಗಿರಿ ಉಳಿಸಲು ಹೋರಾಡಿದ ಕಾನ್ಫೆಡರೇಟ್ ಪಕ್ಷದ ಬಾವುಟ ಬೇಕೆಂದು ಒಂದು ಸಂಘ ಕೇಳಿತು. ಸರ್ಕಾರ ಒಲ್ಲೆ ಅಂದಿತು. 2015ರಲ್ಲಿ ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ ಹೇಳಿದ್ದು: ಪ್ಲೇಟಿನ ಮಾತು ಸರ್ಕಾರದ ಮಾತು, ತನಗೆ ಬೇಡವಾದದ್ದನ್ನು ಅದು ನಿರಾಕರಿಸಬಹುದು. ದುಡ್ಡು ನಮ್ಮದು, ಕಾರು ನಮ್ಮದು, ಮಾತು ಮಾತ್ರ ಸರ್ಕಾರದ್ದು! ಅಂದರೆ ಯಾವ ನೋವು ತಗಡಿಗೇರಬೇಕು, ಯಾವುದು ಬೇಡ ಅನ್ನುವುದೂ ಸರ್ಕಾರದ್ದೇ ತೀರ್ಮಾನ.

ನಮ್ಮಲ್ಲಿ ಇಂಥದ್ದಿಲ್ಲವೇ? ಫ್ಯಾನ್ಸಿ ನಂಬರಿಗೆ ಲಕ್ಷಗಟ್ಟಲೆ ಕೊಡುವವರಿದ್ದಾರೆ, ಅದು ಖಜಾನೆಗೆ ಹೋಗುತ್ತೆ, ಯಾವ ಪುಣ್ಯಕಾರ್ಯದ ಹೆಸರೂ ಇಲ್ಲ. ಹತ್ತಿರದ ನೆಂಟ ಅಂದರೆ 1949ರಿಂದ ಡಿಸೆಂಬರ್ 7ಕ್ಕೆ ಆಚರಿಸುವ ಸೇನಾ ಧ್ವಜ ದಿನ. ಕಾಣಿಕೆ ಕೊಟ್ಟು ಅಂಗಿಗೆ, ಕಾರಿಗೆ ಪುಟ್ಟ ಬಾವುಟ ಅಂಟಿಸಿಕೊಳ್ಳುವುದು. ಇನ್ನೊಂದು, ಹಿರಿಯರಿಗೆ ನೆನಪಿರಬಹುದು, 1971ರ ನವೆಂಬರ್ 15ರಿಂದ ಕಾಗದಕ್ಕೆ ಹಚ್ಚಬೇಕಾಗಿದ್ದ 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟ್ಯಾಂಪು. ಪೂರ್ವ ಬಂಗಾಳದಿಂದ ಬಂದ ಲಕ್ಷಾಂತರ ಜನರಿಗಾಗಿ, ಮೊದಲು ಕುಟುಂಬ ಯೋಜನೆಯ ಸ್ಟ್ಯಾಂಪಿನ ಮೇಲೇ ಅಚ್ಚೊತ್ತಿ ಕೊಟ್ಟರು. 1973ರ ಮಾರ್ಚ್ ತನಕ ನಡೆಯಿತು. ಅದು ಕಡ್ಡಾಯ, ಹಾಗಾಗಿ ಊರಿಗೆ ಕಾಗದ ಬರೆದ ಬಡವನೂ ಕೊಟ್ಟ. ಅಮೆರಿಕದ್ದು ಐಚ್ಛಿಕ. ಅಲ್ಲಿ ಮುದ್ದು ಮುಖದ ಪ್ರಾಣಿಗೆ, ಜನಪ್ರಿಯ ದುಃಖಕ್ಕೆ ಹೆಚ್ಚು ಹಣ; ಚಿತ್ರ ಚೆನ್ನಾಗಿ ಬರದ ಕಷ್ಟಕ್ಕೆ ಕಡಿಮೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ನಮ್ಮ ಹಿರಿಯರು ಹೇಳಿದರು, ನಿಜ. ಆದರೆ ಅದೇ ಹಿರಿಯರ ಕಾಲದಲ್ಲಿ ರಾಜರು ಕೆರೆಗೆ, ಗುಡಿಗೆ ಕೊಟ್ಟ ದಾನವನ್ನು ಕಲ್ಲಿನಲ್ಲಿ, ತಾಮ್ರದ ತಗಡಿನಲ್ಲಿ ಕೊರೆಸಿದರು. ಬರೀ ಹೆಸರಿನ ಆಸೆಗಲ್ಲ. ಬರೆದಿಟ್ಟರೆ ಮುಂದೆ ಯಾರೂ ನುಂಗಬಾರದು ಅಂತ. ಅಳಿದವನಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ ಬರಲಿ ಅಂತ ಶಾಪವನ್ನೂ ಸೇರಿಸಿದರು. ಫ್ಲೋರಿಡಾದಲ್ಲಿ ಶಾಪದ ಬದಲು ಕಾನೂನು: ಪ್ಲೇಟಿನ ಹಣ ಪಡೆದ ಸಂಸ್ಥೆ ಲೆಕ್ಕ ಒಪ್ಪಿಸಲೇಬೇಕು. ನನ್ನ ಮಟ್ಟಿಗೆ ದಾನ ಕಾಣಬೇಕೋ ಬೇಡವೋ ಅನ್ನುವುದು ದೊಡ್ಡ ಪ್ರಶ್ನೆಯಲ್ಲ, ಲೆಕ್ಕ ಕಾಣಬೇಕು. ನೀವೇನಂತೀರಿ?